ಇಂದೋರಿನ ರಾಶಿ, ಬೆಂಗಳೂರಿನ ಗುಂಡಿ

ಹಿತ್ತಲಿನಲ್ಲಿ ನಾಲ್ಕು ಬದನೆ ಗಿಡ, ಒಂದು ಮಡಿ ದಂಟಿನ ಸೊಪ್ಪು, ಬೇಲಿಗೆ ಹಬ್ಬಿಸಿದ ಹೀರೆ ಬಳ್ಳಿ ಇಷ್ಟಿದ್ದರೂ ಸಾಕು, ಗೊಬ್ಬರದ ಪ್ರಶ್ನೆ ಎದುರಾಗುತ್ತದೆ. ತರಕಾರಿ ಸಿಪ್ಪೆ, ಉದುರಿದ ಎಲೆಗಳಿಂದ ನೀವೇ ಕಾಂಪೋಸ್ಟ್ ತಯಾರಿಸಲು ಹೊರಟಿರೆನ್ನಿ. ಒಂದು ಕೈಪಿಡಿ ಹೇಳುತ್ತದೆ: ರಾಶಿಯನ್ನು ಆಗಾಗ ತಿರುವಿ ಹಾಕಿ, ಗಾಳಿಯಾಡಲಿ. ಇನ್ನೊಂದು ಹೇಳುತ್ತದೆ: ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಮುಟ್ಟಬೇಡಿ. ಯಾವುದು ಸರಿ? ಎರಡೂ ಸರಿ. ಮೊದಲನೆಯದು ಇಂದೋರಿನಿಂದ ಬಂದದ್ದು, ಎರಡನೆಯದು ನಮ್ಮ ಬೆಂಗಳೂರಿನಿಂದ. ಎರಡೂ ಪ್ರಕಟವಾದದ್ದು ಹತ್ತು ವರ್ಷಗಳ ಒಳಗೆ. ಆದರೆ ಅವು ಉತ್ತರಿಸ ಹೊರಟ ಪ್ರಶ್ನೆಗಳು ಬೇರೆ ಬೇರೆ. ಅದನ್ನು ಮರೆತು ಎರಡು ವಿಧಾನಗಳನ್ನು ಬೆರೆಸಿದಾಗಲೇ ಹಿತ್ತಲಲ್ಲಿ ದುರ್ವಾಸನೆ ಏಳುವುದು.

ತಿಪ್ಪೆ ನಮಗೆ ಹೊಸದಲ್ಲ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳದ ಕಸ ಎಲ್ಲವೂ ತಿಪ್ಪೆಗೆ ಸೇರಿ, ಮುಂಗಾರಿಗೆ ಮುನ್ನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಆದರೆ ಬಿಸಿಲು ಮಳೆಗೆ ತೆರೆದಿಟ್ಟ ತಿಪ್ಪೆಯಿಂದ ನೈಟ್ರೊಜನ್‌ನ ಒಂದಷ್ಟು ಪಾಲು ಅಮೋನಿಯವಾಗಿ ಹಾರಿಹೋಗುತ್ತದೆ, ಮತ್ತೊಂದಷ್ಟು ನೀರಿನಲ್ಲಿ ಕೊಚ್ಚಿಹೋಗುತ್ತದೆ. ಸಾಲದ್ದಕ್ಕೆ, ಸೌದೆ ಸಿಗದ ಕಡೆ ಸಗಣಿಯೆಲ್ಲ ಬೆರಣಿಯಾಗಿ ಒಲೆ ಸೇರುತ್ತಿತ್ತು.

ಈ ಕೊರತೆಯನ್ನು ಗಮನಿಸಿದವರಲ್ಲಿ ಆಲ್ಬರ್ಟ್ ಹೊವಾರ್ಡ್ ಒಬ್ಬರು. 1905ರಲ್ಲಿ ಬಿಹಾರದ ಪೂಸಾ ಸಂಶೋಧನ ಕೇಂದ್ರಕ್ಕೆ ಸಸ್ಯವಿಜ್ಞಾನಿಯಾಗಿ ಬಂದ ಈ ಇಂಗ್ಲಿಷ್ ಮನುಷ್ಯ, ಅಲ್ಲಿನ ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಗುರುಗಳೆಂದು ಕರೆದುಕೊಂಡರು. 1924ರಲ್ಲಿ ಇಂದೋರಿನಲ್ಲಿ ಹೊಸ ಸಂಸ್ಥೆ ಆರಂಭವಾದಾಗ ಅದರ ಹೊಣೆ ಅವರದಾಯಿತು. ಅವರ ಮುಂದೆ ಎರಡು ಮಾದರಿಗಳಿದ್ದವು. ಒಂದು, ಅಮೆರಿಕದ ಎಫ್.ಎಚ್. ಕಿಂಗ್ 1911ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವರ್ಣಿಸಿದ ಚೀನಾ, ಕೊರಿಯ, ಜಪಾನ್ ರೈತರ ಗೊಬ್ಬರದ ಕ್ರಮ. ಇನ್ನೊಂದು, ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಹಚಿನ್‌ಸನ್ ಮತ್ತು ರಿಚರ್ಡ್ಸ್ 1921ರಲ್ಲಿ ಪ್ರಕಟಿಸಿದ ಫಲಿತಾಂಶ: ಒಣಹುಲ್ಲಿಗೆ ನೀರು ಮತ್ತು ನೈಟ್ರೊಜನ್ ಲವಣ ಕೊಟ್ಟರೆ ದನಗಳ ನೆರವಿಲ್ಲದೆಯೇ ಅದು ಗೊಬ್ಬರವಾಗುತ್ತದೆ. ಏಕೆಂದರೆ ಹುಲ್ಲನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಸುಮಾರು 30 ಭಾಗ ಕಾರ್ಬನ್ನಿಗೆ 1 ಭಾಗ ನೈಟ್ರೊಜನ್ ಬೇಕು. ಒಣಹುಲ್ಲಿನಲ್ಲಿ ನೈಟ್ರೊಜನ್ ಅಷ್ಟಿಲ್ಲ.

ಹಣ ಕೊಟ್ಟು ಲವಣ ಕೊಳ್ಳಲಾಗದ ರೈತನಿಗೆ ಹೊವಾರ್ಡ್ ತೋರಿಸಿದ ದಾರಿ ಸರಳ. ಹತ್ತಿಕಡ್ಡಿ, ಕಳೆ, ಎಲೆಗಳ ಪದರಗಳ ನಡುವೆ ಸ್ವಲ್ಪ ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ. ಆಳವಿಲ್ಲದ ಗುಂಡಿಯಲ್ಲಿ, ಮಳೆಗಾಲದಲ್ಲಾದರೆ ನೆಲದ ಮೇಲೇ, ರಾಶಿ ಹಾಕಿ ನೀರು ಚಿಮುಕಿಸಿ ಮೂರು ಬಾರಿ ತಿರುವಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಇದನ್ನು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. (ಮುಂದೆ ಇಂಗ್ಲೆಂಡಿಗೆ ಮರಳಿದ ಹೊವಾರ್ಡ್ ರಾಸಾಯನಿಕ ಗೊಬ್ಬರವೇ ಮಣ್ಣಿಗೆ ಮೃತ್ಯು ಎಂಬಂತೆ ವಾದಿಸಿದರು. ನನಗೆ ಅದು ಅತಿಯೆನಿಸುತ್ತದೆ. ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ಮಡಿಗಳಲ್ಲಿ ಇಂದಿಗೂ ಗೋಧಿ ಬೆಳೆಯುತ್ತಿದೆ.)

ಭೌತವಿಜ್ಞಾನದ ಮೇಷ್ಟರಿಗೆ ಗೊಬ್ಬರದಲ್ಲೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಕುತೂಹಲವಿರುವುದು ರಾಶಿಯ ಒಳಗಿನ ಬಿಸಿಯಲ್ಲಿ. ಚೆನ್ನಾಗಿ ಕಟ್ಟಿದ ಕಾಂಪೋಸ್ಟ್ ರಾಶಿಯ ನಡುವೆ ಕೆಲವೇ ದಿನಗಳಲ್ಲಿ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೈ ಇಟ್ಟರೆ ಸುಡುತ್ತದೆ. ಆಕ್ಸಿಜನ್ ಇರುವಾಗ ಸೂಕ್ಷ್ಮಜೀವಿಗಳು 180 ಗ್ರಾಂ, ಅಂದರೆ ಒಂದು ಮೋಲ್ ಗ್ಲೂಕೋಸನ್ನು ಪೂರ್ತಿ ಉರಿಸಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2,800 ಕಿಲೋಜೌಲ್. ಆಕ್ಸಿಜನ್ ಇಲ್ಲದೆ ಅದೇ ಗ್ಲೂಕೋಸ್ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಆದರೆ ಹೊರಬೀಳುವ ಶಾಖ 135 ಕಿಲೋಜೌಲ್‌ನಷ್ಟು, ಅಂದರೆ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಉಳಿದದ್ದು ಎಲ್ಲಿ ಹೋಯಿತು? ಮೀಥೇನಿನಲ್ಲೇ ಉಳಿದಿದೆ, ಗೋಬರ್ ಗ್ಯಾಸ್ ಒಲೆ ಉರಿಯುವುದು ಅದರಿಂದಲೇ. ಇಂದೋರಿನ ರಾಶಿಯನ್ನು ತಿರುವಿದಾಗ ಆರುತ್ತಿದ್ದ ಬಿಸಿ ಮತ್ತೆ ಏರುವುದೇಕೆಂದು ಈಗ ತಿಳಿಯಿತಲ್ಲವೇ?

ಈಗ ಬೆಂಗಳೂರಿಗೆ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ವಿಧಾನ ರೈತನ ಹೊಲಕ್ಕಲ್ಲ, ಪಟ್ಟಣಗಳಿಗೆ ಸಂಬಂಧಿಸಿದ್ದು. ಒಳಚರಂಡಿ ಇಲ್ಲದ ಊರುಗಳಲ್ಲಿ ಪ್ರತಿದಿನ ಬಕೆಟ್ಟುಗಳಲ್ಲಿ ಸಂಗ್ರಹವಾಗುತ್ತಿದ್ದ ಮಲವನ್ನು ಏನು ಮಾಡುವುದು? ಅದರಲ್ಲಿ ಕಾಲರಾ, ಟೈಫಾಯ್ಡ್, ಆಮಶಂಕೆಯ ರೋಗಾಣುಗಳಿರುತ್ತವೆ. ಜಂತುಹುಳುವಿನ ಮೊಟ್ಟೆಗಳಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಹಾಗೆಯೇ ತರಕಾರಿ ತೋಟಕ್ಕೆ ಸುರಿದರೆ ರೋಗ ಮರಳಿ ಊಟದ ತಟ್ಟೆಗೇ ಬರುತ್ತದೆ. ಇಂದೋರಿನಂತೆ ಪದೇ ಪದೇ ತಿರುವೋಣವೆಂದರೆ, ಆ ಕೆಲಸಕ್ಕೆ ಇಳಿಯುವವರು ಯಾರು? ನೊಣದ ಕಾಟ ಬೇರೆ.

ಆಚಾರ್ಯರ ಉತ್ತರ ಒಂದು ಕಂದಕ. ಆಳ ಸುಮಾರು 90 ಸೆಂಟಿಮೀಟರ್, ಅಗಲ ಒಂದೂವರೆಯಿಂದ ಎರಡೂವರೆ ಮೀಟರ್. ತಳದಲ್ಲಿ 15 ಸೆಂ.ಮೀ. ಊರ ಕಸ, ಅದರ ಮೇಲೆ 5 ಸೆಂ.ಮೀ. ಮಲ, ಮತ್ತೆ ಕಸ, ಮತ್ತೆ ಮಲ. ನೆಲಮಟ್ಟಕ್ಕಿಂತ ಒಂದಡಿ ಮೇಲೆ ಬರುವವರೆಗೆ ಹೀಗೆ ಪೇರಿಸಿ, ಕೊನೆಗೆ ದಪ್ಪನೆಯ ಕಸದ ಪದರ, ಅದರ ಮೇಲೆ ಮಣ್ಣು. ಗುಂಡಿ ಸರಿಯಾಗಿ ತುಂಬಿದೆಯೇ ಎಂಬುದಕ್ಕೆ ಪರೀಕ್ಷೆ: ಮೇಲೆ ನಡೆದಾಡಿದರೆ ಕಾಲು ಹುಗಿಯಬಾರದು. ಒಣಕಸದ ಸಂದುಗಳಲ್ಲಿ ಸಿಕ್ಕಿಬಿದ್ದ ಗಾಳಿಯಿಂದ ಮೊದಲ ವಾರದಲ್ಲೇ ಉಷ್ಣತೆ 60 ಡಿಗ್ರಿ ದಾಟುತ್ತದೆ. ಆ ಗಾಳಿ ಎಂಟು ಹತ್ತು ದಿನಗಳಲ್ಲಿ ಮುಗಿದ ಮೇಲೂ ಬಿಸಿ ಎರಡು ಮೂರು ವಾರ ಉಳಿಯುತ್ತದೆ. ಆಮೇಲೆ ಆಕ್ಸಿಜನ್ನಿಲ್ಲದ ನಿಧಾನದ ಕೊಳೆತ. ಗೊಬ್ಬರಕ್ಕೆ ನಾಲ್ಕರಿಂದ ಎಂಟು ತಿಂಗಳು ಬೇಕು. ಆದರೆ ನೈಟ್ರೊಜನ್ ಹೆಚ್ಚು ಉಳಿಯುತ್ತದೆ, ಮತ್ತೆ ಯಾರೂ ಅದನ್ನು ಕೆದಕಬೇಕಿಲ್ಲ.

ಗಾಳಿ ಮುಗಿದರೂ ಬಿಸಿ ನಿಲ್ಲುವುದೇಕೆ? ಗಾತ್ರದಿಂದ. ಒದ್ದೆ ಕಸದ ಮೂಲಕ ಶಾಖ ಹರಡುವ ವೇಗ ನೀರಿನಲ್ಲಿ ಹರಡುವಷ್ಟೇ ಎಂದಿಟ್ಟುಕೊಳ್ಳಿ. ನೀರಿನ ಶಾಖ ವಿಸರಣ ಗುಣಾಂಕ ಸೆಕೆಂಡಿಗೆ 0.14 ಚದರ ಮಿಲಿಮೀಟರ್. ನಡುಭಾಗದಿಂದ ಹೊರಮೈಗೆ ಇರುವ ದೂರದ ವರ್ಗವನ್ನು ಇದರಿಂದ ಭಾಗಿಸಿದರೆ ಶಾಖ ಹೊರಬರಲು ಬೇಕಾದ ಕಾಲದ ಅಂದಾಜು ಸಿಗುತ್ತದೆ. ಅರ್ಧ ಮೀಟರಿಗೆ ಸುಮಾರು 20 ದಿನ. ಈಗ ನಿಮ್ಮ ಮನೆಯ 25 ಸೆಂ.ಮೀ. ಅಗಲದ ಕಾಂಪೋಸ್ಟ್ ಕುಂಡವನ್ನು ನೋಡಿ: ದೂರ ನಾಲ್ಕನೇ ಒಂದು, ಕಾಲ ಹದಿನಾರನೇ ಒಂದು, ಅಂದರೆ ಒಂದೂಕಾಲು ದಿನ ಮಾತ್ರ. ಆವಿಯಾಗುವ ನೀರು, ಒಳನುಗ್ಗುವ ಗಾಳಿ ಇದನ್ನೂ ಕಡಿಮೆ ಮಾಡುತ್ತವೆ. ಕುಂಡ ಬಿಸಿಯಾಗದಿರುವುದು ನಿಮ್ಮ ತಪ್ಪಲ್ಲ, ಜ್ಯಾಮಿತಿಯ ನಿಯಮ.

ಬೆಂಗಳೂರು ವಿಧಾನದ ಕಥೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯವೊಂದಿದೆ. ಕಂದಕದೊಳಗಿನ ಮಲವನ್ನು ಯಾರೂ ಮುಟ್ಟಬೇಕಿರಲಿಲ್ಲ, ನಿಜ. ಆದರೆ ಕಂದಕದವರೆಗೆ ಅದನ್ನು ಹೊತ್ತು ತಂದವರು ಯಾರು? ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟಿಬಿದ್ದ ಜನ. ರೋಗಾಣುಗಳ ಲೆಕ್ಕ ಇಟ್ಟ ವಿಜ್ಞಾನ ಅವರ ತಲೆಯ ಮೇಲಿನ ಬುಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1949ರ ಪರಿಸರ ನೈರ್ಮಲ್ಯ ಸಮಿತಿ, ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಕಂದಕ ಬೇಡ, ಒಳಚರಂಡಿ ಬೇಕು ಎಂದಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಬೆಂಗಳೂರು ವಿಧಾನವನ್ನು ಪಾಠ ಮಾಡುವಾಗ ಈ ಇಸವಿಗಳನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕೆಂದು ಉಪಾಧ್ಯಾಯರಲ್ಲಿ ನನ್ನ ಕೋರಿಕೆ.

ಕೈತೋಟಕ್ಕೆ ಬರೋಣ. ರೋಗಾಣುಗಳನ್ನು ಕೊಲ್ಲಲು 55 ಡಿಗ್ರಿ ಉಷ್ಣತೆ ಕನಿಷ್ಠ ಮೂರು ದಿನ ನಿಲ್ಲಬೇಕೆಂಬುದು ಈಗ ಬಳಕೆಯಲ್ಲಿರುವ ಅಳತೆ. ಮನೆಯ ಕುಂಡ ಅಷ್ಟು ಕಾಯುವುದಿಲ್ಲ. ಆದ್ದರಿಂದ ನಾಯಿ ಬೆಕ್ಕುಗಳ ಮಲ, ಮಾಂಸದ ತುಣುಕು ಅದರೊಳಗೆ ಬೇಡ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಯ ಮಡಿಗಂತೂ ಅಂಥ ಗೊಬ್ಬರ ಬೇಡವೇ ಬೇಡ. ತರಕಾರಿ ಸಿಪ್ಪೆ ಮತ್ತು ತರಗೆಲೆಗಾದರೆ ಬಿಸಿ ಬೇಕೇಬೇಕೆಂದಿಲ್ಲ, ಸಮಯ ಸಾಕು. ಸಿಪ್ಪೆಯಲ್ಲಿ ನೈಟ್ರೊಜನ್ನೂ ನೀರೂ ಹೆಚ್ಚು, ತರಗೆಲೆಯಲ್ಲಿ ಕಾರ್ಬನ್ ಹೆಚ್ಚು. ಒಂದು ಹಿಡಿ ಸಿಪ್ಪೆಗೆ ಎರಡು ಮೂರು ಹಿಡಿ ತರಗೆಲೆ ಹಾಕಿದರೆ ವಾಸನೆ ಬಾರದು.

ನಿಮ್ಮ ಶಾಲೆಯಲ್ಲಿ ಜಾಗವಿದ್ದರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿಯೊಂದನ್ನೂ ಪಕ್ಕದಲ್ಲಿ ಅದೇ ಮಿಶ್ರಣ ತುಂಬಿದ ಕುಂಡವೊಂದನ್ನೂ ಇಡಿ. ಬಿದಿರ ಕೊಳವೆಯಲ್ಲಿ ಉಷ್ಣತಾಮಾಪಕ ಇಳಿಬಿಟ್ಟು ದಿನವೂ ಒಂದೇ ಹೊತ್ತಿಗೆ ಎರಡರ ಉಷ್ಣತೆಯನ್ನೂ ನೆರಳಿನ ಉಷ್ಣತೆಯನ್ನೂ ಬರೆದಿಟ್ಟು ನಕ್ಷೆ ಎಳೆಯಿರಿ. ಹದಿನೈದನೆಯ ದಿನ ರಾಶಿಯನ್ನು ತಿರುವಿ, ಮರುದಿನದಿಂದ ನಕ್ಷೆಯ ರೇಖೆ ಯಾವ ಕಡೆ ಹೊರಳುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಮುಂಚಿತವಾಗಿ ಊಹಿಸಿ ಬರೆದಿಡಲಿ.