ಬೊಂಬಾಯಿಯ ಹೆಸರು ಹೊತ್ತ ರಕ್ತ

ಊರು ಬಿಟ್ಟು ಬಂದವರನ್ನು ಬೊಂಬಾಯಿ ತನ್ನವರನ್ನಾಗಿ ಮಾಡಿಕೊಂಡ ಕಥೆ ನಮ್ಮ ಮನೆಮನೆಯಲ್ಲೂ ಉಂಟು. ಆದರೆ ಈ ನಗರದ ಹೆಸರನ್ನು ತಮ್ಮ ರಕ್ತದಲ್ಲೇ ಹೊತ್ತವರು ಕೆಲವರಿದ್ದಾರೆಂಬುದು ಅನೇಕರಿಗೆ ತಿಳಿಯದು. ಅವರು ಈ ನಗರವನ್ನು ಕಣ್ಣಿನಿಂದ ಕಂಡಿರಬೇಕೆಂದೇನೂ ಇಲ್ಲ. ವೈದ್ಯರು ಅವರ ರಕ್ತವನ್ನು ‘ಬಾಂಬೆ ಗುಂಪು’ ಎಂದು ಕರೆಯುತ್ತಾರೆ.

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವುದು ಒಂದು ಕಾಲಕ್ಕೆ ಜೂಜಿನಂತಿತ್ತು. ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು; ಕಾರಣ ಯಾರಿಗೂ ಗೊತ್ತಿರಲಿಲ್ಲ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಬೇರೆ ಬೇರೆ ಗುಂಪುಗಳಿವೆಯೆಂದು ತೋರಿಸಿದರು. ಅದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳು ಕ್ರಮೇಣ ಎಲ್ಲರ ಬಾಯಲ್ಲೂ ನಿಂತವು. ಓ ಗುಂಪಿನ ರಕ್ತ ಯಾರಿಗೆ ಬೇಕಾದರೂ ಆಗುತ್ತದೆ ಎಂಬ ನಂಬಿಕೆಯೂ ಬಲವಾಯಿತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1952ರಲ್ಲಿ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ರೈಲ್ವೆ ಅಪಘಾತದಲ್ಲಿ ಗಾಯಗೊಂಡವನೊಬ್ಬ, ಇರಿತಕ್ಕೆ ಒಳಗಾದವನೊಬ್ಬ, ಹೀಗೆ ಇಬ್ಬರಿಗೆ ರಕ್ತ ಬೇಕಾಗಿತ್ತು. ಪರೀಕ್ಷೆಯಲ್ಲಿ ಇಬ್ಬರದೂ ಓ ಗುಂಪಿನಂತೆಯೇ ಕಂಡಿತು. ಆದರೆ ಓ ಗುಂಪಿನ ದಾನಿಗಳ ರಕ್ತಕಣಗಳನ್ನು ಇವರ ರಕ್ತದ್ರವದೊಡನೆ ಬೆರೆಸಿದರೆ ಅವು ಗಂಟುಗಂಟಾಗುತ್ತಿದ್ದವು. ಪರೀಕ್ಷೆ ತಪ್ಪಿರಬೇಕೆಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಡಾ. ವೈ. ಎಂ. ಭೇಂಡೆ, ಡಾ. ದೇಶಪಾಂಡೆ, ಡಾ. ಭಾಟಿಯಾ ಹಾಗೆ ಮಾಡಲಿಲ್ಲ. ಇಂಥ ರಕ್ತವಿದ್ದ ಮೂವರ ವಿವರವನ್ನು, ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಅವರ ಸಹಯೋಗದಲ್ಲಿ, ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರ ಗುಟ್ಟನ್ನು ಮನೆ ಕಟ್ಟುವ ಹೋಲಿಕೆಯಿಂದ ತಿಳಿಯಬಹುದು. ನಮ್ಮ ಕೆಂಪು ರಕ್ತಕಣದ ಮೇಲೆ ‘ಎಚ್’ ಎಂಬ ಒಂದು ಸಕ್ಕರೆಯ ರಚನೆ ಇರುತ್ತದೆ. ಅದು ತಳಪಾಯ. ಅದರ ಮೇಲೆ ಎ ಅಥವಾ ಬಿ ಎಂಬ ಮಹಡಿ ಏಳುತ್ತದೆ. ಓ ಗುಂಪಿನವರಲ್ಲಿ ಮಹಡಿಯಿಲ್ಲ, ಬರಿಯ ತಳಪಾಯ. ಬಾಂಬೆ ಗುಂಪಿನವರಲ್ಲಿ ತಳಪಾಯವೇ ಇಲ್ಲ! ಆದ್ದರಿಂದ ಅವರ ದೇಹಕ್ಕೆ ‘ಎಚ್’ ಪರಕೀಯ ವಸ್ತು. ಓ ರಕ್ತವನ್ನು ಕೊಟ್ಟರೂ ಅದನ್ನು ಶತ್ರುವೆಂದೇ ಎಣಿಸಿ ನಾಶಮಾಡುತ್ತದೆ, ಪ್ರಾಣಕ್ಕೇ ಅಪಾಯವಾಗಬಹುದು. ಅವರಿಗೆ ಒಗ್ಗುವುದು ತಮ್ಮಂಥವರ ರಕ್ತ ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. ಇಂಥವರಲ್ಲಿ ಎ ಅಥವಾ ಬಿ ಗುಣ ವಂಶವಾಹಿಯಲ್ಲಿ ಅಡಗಿದ್ದು, ತಳಪಾಯವಿಲ್ಲದ್ದರಿಂದ ಕಾಣಿಸದೆ ಉಳಿದಿರಬಹುದು. ಮಗುವಿನಲ್ಲಿ ಅದು ಪ್ರಕಟವಾಗುತ್ತದೆ. ಓ ಎಂದು ಬರೆಸಿಕೊಂಡ ತಂದೆಗೆ ಎಬಿ ಗುಂಪಿನ ಮಗು ಹುಟ್ಟಿದರೆ ಅರೆ ತಿಳಿವಳಿಕೆಯವರ ನಾಲಗೆ ತಾಯಿಯತ್ತ ತಿರುಗೀತು. ನಿರಪರಾಧಿ ಹೆಂಗಸೊಬ್ಬಳ ಮಾನ ಉಳಿಸುವುದಕ್ಕೂ ಈ ಸಂಶೋಧನೆ ಸಾಕ್ಷಿ ಹೇಳಬಲ್ಲದು.

ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಈ ರಕ್ತವಿದೆಯೆಂದು ಅಂದಾಜು. ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ತಂದೆತಾಯಿ ಇಬ್ಬರೂ ಈ ಕೊರತೆಯ ಒಂದೊಂದು ಪ್ರತಿಯನ್ನು ಗುಟ್ಟಾಗಿ ಹೊತ್ತಿದ್ದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ರಕ್ತಸಂಬಂಧದಲ್ಲಿ ಮದುವೆಯಾದರೆ ಈ ಸಾಧ್ಯತೆ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹೊಸದೇನಲ್ಲವಷ್ಟೆ.

ಪರವೂರಿನಲ್ಲಿ ನೆಲೆಸಿದ ನಮಗೆ ಈ ಕಥೆ ಮುಖ್ಯವಾಗುವುದು ಇಲ್ಲಿಯೇ. ಇಂಥ ರಕ್ತ ಬೇಕಾದಾಗ ಮೊದಲು ಹುಡುಕಬೇಕಾದದ್ದು ಒಡಹುಟ್ಟಿದವರಲ್ಲಿ. ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲಿದ್ದಾರೆ? ಒಬ್ಬರು ಕುಂದಾಪುರದಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ಮತ್ತೊಬ್ಬರು ದುಬೈಯಲ್ಲಿ. ಹೆರಿಗೆಯ ನೋವು ಆರಂಭವಾದ ಮೇಲೆ ರೈಲು ಹತ್ತಿ ಬರುವಂತೆ ಹೇಳಿ ಪ್ರಯೋಜನವೇನು?

ಹಾಗೆಂದು ಓ ಗುಂಪಿನವರೆಲ್ಲ ಗಾಬರಿಪಡಬೇಕಾಗಿಲ್ಲ. ರಕ್ತಕಣದ ಪರೀಕ್ಷೆಯ ಜೊತೆಗೆ ರಕ್ತದ್ರವವನ್ನು ಓ ಕಣಗಳೊಡನೆಯೂ ಪರೀಕ್ಷಿಸಿದರೆ ನಿಜ ಹೊರಬೀಳುತ್ತದೆ. ಒಳ್ಳೆಯ ರಕ್ತನಿಧಿಗಳಲ್ಲಿ ಇದು ಕಷ್ಟದ ಕೆಲಸವಲ್ಲ. ಮನೆಯಲ್ಲಿ ಒಬ್ಬರದು ಬಾಂಬೆ ಗುಂಪೆಂದು ತಿಳಿದರೆ ಒಡಹುಟ್ಟಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ವಿವರವನ್ನು ಬರೆದು ಸದಾ ಜೊತೆಗಿಟ್ಟುಕೊಳ್ಳಬೇಕು, ಅಪರೂಪದ ದಾನಿಗಳ ಪಟ್ಟಿಗೆ ಹೆಸರು ಕೊಡಬೇಕು. ಮುಂಚಿತವಾಗಿ ಗೊತ್ತಿರುವ ಶಸ್ತ್ರಚಿಕಿತ್ಸೆಯಾದರೆ, ವೈದ್ಯರು ಒಪ್ಪಿದಲ್ಲಿ, ತಮ್ಮ ರಕ್ತವನ್ನೇ ತಮಗಾಗಿ ತೆಗೆದಿರಿಸುವ ಉಪಾಯವೂ ಉಂಟು.

1995ರಲ್ಲಿ ಬಾಂಬೆ ಮುಂಬಯಿ ಆಯಿತು. ರಕ್ತದ ಹೆಸರು ಮಾತ್ರ ಬದಲಾಗಲಿಲ್ಲ. ಎರಡು ಗಾಯಾಳುಗಳ ರಕ್ತ ನಿಯಮಕ್ಕೆ ಹೊಂದದಿದ್ದಾಗ ನಿಯಮವನ್ನೇ ಸಂಶಯದಿಂದ ನೋಡಿದ ವೈದ್ಯರ ನೆನಪು ಆ ಹೆಸರಿನಲ್ಲಿ ಉಳಿದಿದೆ. ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಮಳೆಬೆಳೆ, ಮದುವೆ ಮುಂಜಿಗಳ ವಿಚಾರದ ಜೊತೆಗೆ ಒಡಹುಟ್ಟಿದವರ ರಕ್ತದ ಗುಂಪು ಯಾವುದೆಂದೂ ಕೇಳಿ ಬರೆದಿಟ್ಟುಕೊಳ್ಳೋಣ.