ಕುದುರೆ ಲಾಯದ ಹುಡುಗರು ಮತ್ತು ಇನ್ನೂರು ಪುಟದ ನೋಟ್‌ಬುಕ್

ಗಿಟಾರ್ ನುಡಿಸುವವರ ಮನೆಯಲ್ಲಿ ಒಂದು ನೋಟ್‌ಬುಕ್ ಇದ್ದೇ ಇರುತ್ತೆ. ಇನ್ನೂರು ಪುಟದ್ದು. ಹಿಂದಿನ ಪುಟಗಳಲ್ಲಿ ಹಾಲಿನ ಲೆಕ್ಕ, ಮುಂದಿನ ಪುಟಗಳಲ್ಲಿ ಹಾಡು. ಹಾಡಿನ ಸಾಲು, ಅದರ ತಲೆ ಮೇಲೆ ಸಿ, ಜಿ, ಎ ಮೈನರ್ ಅಂತ ಅಕ್ಷರಗಳು. ಸ್ವರ ಇಲ್ಲ, ತಾಳ ಇಲ್ಲ, ರಾಗದ ಹೆಸರಂತೂ ಮೊದಲೇ ಇಲ್ಲ. ಧಾಟಿ ಹೇಗೂ ಬಾಯಿಗೆ ಬರುತ್ತಲ್ಲ, ಎಡಗೈ ಎಲ್ಲಿ ಹಿಡೀಬೇಕು ಅನ್ನೋದೊಂದು ಗೊತ್ತಾದ್ರೆ ಆಯ್ತು. ನಾನೂ ಇಂಥದೇ ಹವ್ಯಾಸಿ. ಆಫೀಸಿಂದ ಬಂದು ಊಟ ಮುಗಿಸಿ, ಅಕ್ಕಪಕ್ಕದವರು ಮಲಗೋ ಮುಂಚೆ ಒಂದರ್ಧ ಗಂಟೆ. ಎಡಗೈಯ ನಾಲ್ಕು ಬೆರಳ ತುದಿ ಜಡ್ಡುಗಟ್ಟಿವೆ, ಅದು ಬಿಟ್ರೆ ಹೇಳಿಕೊಳ್ಳುವಂಥ ಸಾಧನೆ ಏನಿಲ್ಲ :)

ವೀಣೆ ಕಲಿತಿರುವ ನಮ್ಮತ್ತೆ ಒಮ್ಮೆ ಈ ಪುಸ್ತಕ ತಿರುವಿ ಹಾಕಿ, "ಇದೇನೋ, ಸರಳೆ ಇಲ್ಲ ಜಂಟಿ ಇಲ್ಲ, ಸೀದಾ ಹಾಡಿಗೇ ಹೋಗ್ಬಿಟ್ಟಿದ್ದೀಯಲ್ಲ?" ಅಂದ್ರು. ನ್ಯಾಯವಾದ ಪ್ರಶ್ನೆಯೇ. ಬೆನ್ನು ಹತ್ತಿ ಓದುತ್ತಾ ಹೋದಾಗ ಗೊತ್ತಾಗಿದ್ದು, ಆ ಪ್ರಶ್ನೆಗೆ ನಾನೂರು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ ಅಂತ.

ಹದಿನಾರನೇ ಶತಮಾನದ ಸ್ಪೇನಿನಲ್ಲಿ ದೊಡ್ಡವರ ಮನೆಯ ವಾದ್ಯ ಅಂದ್ರೆ ವಿಹುವೇಲಾ. ನೋಡೋಕೆ ಗಿಟಾರಿನ ಹಾಗೇ, ಸಾಮಾನ್ಯವಾಗಿ ಆರು ಜೋಡಿ ತಂತಿ, ಪ್ರಾಣಿಯ ಕರುಳಿನಿಂದ ಮಾಡಿದ್ದು. ಅದರ ಸಂಗೀತ ಮಾತ್ರ ಸುಲಭದ್ದಲ್ಲ. ಎರಡು ಮೂರು ಧಾಟಿಗಳು ಜಡೆ ಹೆಣೆದ ಹಾಗೆ ಒಟ್ಟಿಗೆ ಸಾಗಬೇಕು, ಒಂದೊಂದೇ ತಂತಿಯನ್ನು ಬೆರಳಿಂದ ಮೀಟಬೇಕು. 1536ರಲ್ಲಿ ಲೂಯಿಸ್ ಮಿಲಾನ್ ಇದಕ್ಕೊಂದು ಪುಸ್ತಕ ಅಚ್ಚು ಹಾಕಿಸಿದ. 1576ರಲ್ಲಿ ಎಸ್ತೆಬಾನ್ ದಾಸಾನ ಪುಸ್ತಕ ಬಂತು. ಈ ನಲವತ್ತು ವರ್ಷದಲ್ಲಿ ಬಂದ ವಿಹುವೇಲಾ ಪುಸ್ತಕಗಳು ಒಟ್ಟು ಏಳು. ಅಲ್ಲಿಗೆ ಮುಗೀತು. ಇವತ್ತು ಆ ಕಾಲದ ವಿಹುವೇಲಾ ನೋಡಬೇಕಂದ್ರೆ ಬೆರಳೆಣಿಕೆಯಷ್ಟು ಉಳಿದಿವೆ, ಅಷ್ಟೇ.

ಅದರ ಜಾಗಕ್ಕೆ ಬಂದದ್ದು ಐದು ಜೋಡಿ ತಂತಿಯ ಗಿಟಾರ್, ಮತ್ತು ಅದನ್ನು ಮೀಟದೆ ಐದೂ ತಂತಿಯ ಮೇಲೆ ಒಟ್ಟಿಗೆ ಕೈ ಎಳೆಯುವ ಅಭ್ಯಾಸ. ನಾವೀಗ ಸ್ಟ್ರಮ್ಮಿಂಗ್ ಅಂತೀವಲ್ಲ, ಅದೇ. 1596ರಲ್ಲಿ ಬಾರ್ಸಿಲೋನಾದಲ್ಲಿ ಇದಕ್ಕೊಂದು ಪುಟ್ಟ ಕೈಪಿಡಿ ಬಂತು. ಬರೆದವನು ಜೊವಾನ್ ಕಾರ್ಲೆಸ್ ಅಮಾತ್. ಇವನು ಆಸ್ಥಾನ ವಿದ್ವಾಂಸನಲ್ಲ, ಚರ್ಚಿನ ಸಂಗೀತಗಾರನೂ ಅಲ್ಲ, ವೃತ್ತಿಯಿಂದ ಡಾಕ್ಟರು! ನಾಡಿ ಹಿಡಿದು ಔಷಧಿ ಕೊಡೋ ಮನುಷ್ಯ ಯಾವ ಬೆರಳು ಯಾವ ತಂತಿಯ ಮೇಲೆ ಅಂತ ಮಾತಿನಲ್ಲೇ ಬಿಡಿಸಿ ಹೇಳಿ, ಹನ್ನೆರಡು ಮೇಜರ್, ಹನ್ನೆರಡು ಮೈನರ್ ಕಾರ್ಡುಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟ. ಆ ಮೊದಲ ಮುದ್ರಣದ ಒಂದು ಪ್ರತಿಯೂ ಈಗಿಲ್ಲ. ಆದರೆ ಪುಸ್ತಕ ಹತ್ತಿರ ಹತ್ತಿರ ಇನ್ನೂರು ವರ್ಷ ಮರುಮುದ್ರಣ ಆಗ್ತಾನೇ ಇತ್ತು.

ಹತ್ತು ವರ್ಷ ಬಿಟ್ಟು, 1606ರಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ ಜಿರೋಲಾಮೊ ಮೊಂತೆಸಾರ್ದೊ ಇನ್ನೊಂದು ಪುಸ್ತಕ ತಂದ. ಅಂಕೆಯೂ ಬೇಡ, ಸ್ವರಲಿಪಿಯೂ ಬೇಡ ಅನ್ನೋದನ್ನ ಶೀರ್ಷಿಕೆಯಲ್ಲೇ ಹಾಕಿಕೊಂಡಿದ್ದ, ನಮ್ಮ 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ತರಹದ ಪುಸ್ತಕಗಳ ಹಾಗೆ. ಅವನ ಉಪಾಯ ಅಕ್ಷರಮಾಲೆ. ಒಂದೊಂದು ಕೈ ಹಿಡಿತಕ್ಕೆ ಒಂದೊಂದು ಅಕ್ಷರ. ಆದರೆ ಇಲ್ಲೊಂದು ತಮಾಷೆ ಇದೆ. ಆ ಅಕ್ಷರಕ್ಕೂ ಸ್ವರಕ್ಕೂ ಸಂಬಂಧವೇ ಇಲ್ಲ. ಅವನ 'ಎ' ನಮ್ಮ ಜಿ ಮೇಜರ್, 'ಬಿ' ನಮ್ಮ ಸಿ ಮೇಜರ್, 'ಸಿ' ನಮ್ಮ ಡಿ ಮೇಜರ್. ಸಂಗೀತ ಗೊತ್ತಿರಬೇಕಾಗೇ ಇಲ್ಲ, ಕೈ ಆಕಾರ ನೆನಪಿದ್ದರೆ ಸಾಕು.

ಆಮೇಲಿನ ದಶಕಗಳಲ್ಲಿ ಇಟಲಿಯಲ್ಲಿ ಇಂಥ ಹಾಡಿನ ಪುಸ್ತಕಗಳು ರಾಶಿ ರಾಶಿ ಬಂದವು. ಕೆಲವುಗಳಲ್ಲಿ ಧಾಟಿಯ ಸ್ವರಲಿಪಿಯೂ ಇಲ್ಲ. ಬರೀ ಸಾಹಿತ್ಯ, ಮೇಲೆ ಅಕ್ಷರ. ಅಂದ್ರೆ ಹಾಲಿನ ಲೆಕ್ಕ ಒಂದು ಬಿಟ್ಟು ಥೇಟ್ ನನ್ನ ನೋಟ್‌ಬುಕ್ಕೇ! ಇನ್ನೊಂದು ಮಾತು, ಗಿಟಾರ್ ಕಲಿಯೋರಿಗಾಗಿ. ನಮ್ಮನ್ನೆಲ್ಲ ಅಳಿಸುವ ಎಫ್ ಕಾರ್ಡು, ತೋರುಬೆರಳನ್ನು ಮಲಗಿಸಿ ಒತ್ತಬೇಕಲ್ಲ ಅದು, ಅವರ ಅಕ್ಷರಮಾಲೆಯಲ್ಲೂ ಇತ್ತು. ಅಲ್ಲಿ ಅದರ ಹೆಸರು 'ಜಿ'. ಆ ಕಾಲದ ಕೈಗಳೂ ಅದಕ್ಕೆ ಶಾಪ ಹಾಕಿರಲೇಬೇಕು.

ಇದೆಲ್ಲ ವಿದ್ವಾಂಸರಿಗೆ ಹಿಡಿಸಲಿಲ್ಲ. ಹಿಡಿಸೋದಾದ್ರೂ ಹೇಗೆ? 1611ರಲ್ಲಿ ಸೆಬಾಸ್ಟಿಯನ್ ದೆ ಕೊವಾರೂಬಿಯಾಸ್ ಅನ್ನುವವರ ದೊಡ್ಡ ಸ್ಪ್ಯಾನಿಷ್ ನಿಘಂಟು ಬಂತು. ವಿಹುವೇಲಾ ಅನ್ನುವ ಪದಕ್ಕೆ ಅರ್ಥ ಬರೆಯುತ್ತಾ ಬರೆಯುತ್ತಾ ಅವರಿಗೆ ಸಂಕಟ ತಡೆಯಲಾಗಿಲ್ಲ. ಒಳ್ಳೆಯ ವಾದ್ಯವೊಂದು ಹೋಯಿತು, ಈ ಗಿಟಾರ್ ಅನ್ನೋದು ಹಸುವಿನ ಕೊರಳ ಗಂಟೆಗಿಂತ ಹೆಚ್ಚಿನದೇನಲ್ಲ, ಕೈ ಎಳೆದು ಬಾರಿಸೋದಂತೂ ಎಷ್ಟು ಸುಲಭ ಅಂದ್ರೆ ಗಿಟಾರ್ ವಾದಕನಾಗದ ಕುದುರೆ ಲಾಯದ ಹುಡುಗ ಒಬ್ಬನೂ ಇಲ್ಲ ಅನ್ನುವ ಅರ್ಥದಲ್ಲಿ ಬರೆದುಬಿಟ್ಟರು. ನಿಘಂಟಿನಲ್ಲಿ!

ನನಗೆ ಇವರ ಮೇಲೆ ಸಿಟ್ಟಿಲ್ಲ. ಯಾಕಂದ್ರೆ ಅವರು ಹೇಳಿದ ನಷ್ಟ ಸುಳ್ಳಲ್ಲ. ಆ ಏಳು ಪುಸ್ತಕದ ಸಂಗೀತ ಕೇಳಿ ನೋಡಿ, ಎಷ್ಟು ನಾಜೂಕು, ಎಷ್ಟು ನಿಧಾನ. ಅದನ್ನು ನುಡಿಸುವ ಕೈಗಳೇ ಇಲ್ಲವಾಗಿ, ಮತ್ತೆ ಯಾರಾದರೂ ಕಣ್ಣೆತ್ತಿ ನೋಡಲು ಮುನ್ನೂರು ವರ್ಷ ಕಾಯಬೇಕಾಯಿತು. ಸುಲಭವಾದದ್ದು ಬಂದಾಗ ಕಷ್ಟದ್ದು ಸಾಯುತ್ತೆ ಅನ್ನುವ ಭಯ ನಮ್ಮತ್ತೆಗೂ ಇದೆ, ಅವರ ವೀಣೆ ಅಟ್ಟದ ಮೇಲಿದೆ.

ಆದರೆ ಲಾಯದ ಹುಡುಗರ ಲೆಕ್ಕದಲ್ಲಿ ಜಮೆಯೂ ಇದೆ. ಆಗಿನ ಸಂಗೀತ ಶಾಸ್ತ್ರ ಕಾರ್ಡನ್ನು ಒಂದು ವಸ್ತು ಅಂತ ನೋಡುತ್ತಿರಲಿಲ್ಲ. ಬೇರೆ ಬೇರೆ ಧಾಟಿಗಳು ಎದುರಾದಾಗ ಹುಟ್ಟುವ ಮೇಳ ಅಂತ ನೋಡುತ್ತಿತ್ತು. ಕೆಳಗಿನ ಸ್ವರ ಯಾವುದು ಅನ್ನೋದೇ ಮುಖ್ಯ. ಗಿಟಾರಿನವನಿಗೆ ಅದೆಲ್ಲ ಎಲ್ಲಿಂದ ಬರಬೇಕು? ಕೈ ಇಟ್ಟ, ಎಳೆದ, ಸ್ವರಗಳು ಯಾವ ಕ್ರಮದಲ್ಲಿ ಬಂದರೂ ಅವನಿಗೆ ಅದು ಅದೇ ಕಾರ್ಡು. ಇದನ್ನೇ ಶಾಸ್ತ್ರವಾಗಿ ರಾಮೋ ಎಂಬ ಫ್ರೆಂಚ್ ಪಂಡಿತ ಬರೆದದ್ದು 1722ರಲ್ಲಿ. ಆ ಡಾಕ್ಟರ ಕೈಪಿಡಿ ಬಂದು ಅಷ್ಟರಲ್ಲಿ 126 ವರ್ಷ ಆಗಿತ್ತು! ರಾಮೋ ಗಿಟಾರ್ ನೋಡಿ ಬರೆದ ಅಂತ ನಾನು ಹೇಳ್ತಿಲ್ಲ. ಆದರೆ ಕಾರ್ಡನ್ನು ಒಂದೇ ಹಿಡಿಯಾಗಿ ಕಾಣುವ ಅಭ್ಯಾಸ ಯುರೋಪಿನ ಕಿವಿಗೆ ಹತ್ತಿದ್ದರಲ್ಲಿ ಗಿಟಾರಿನ ಪಾಲು ದೊಡ್ಡದು ಅಂತ ಸಂಗೀತದ ಇತಿಹಾಸಕಾರರೇ ಬರೆದಿದ್ದಾರೆ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. 1600ರ ಸುಮಾರಿಗೆ ಸ್ಪೇನಿನಲ್ಲಿ ಚಕೋನಾ ಅಂತ ಒಂದು ಕುಣಿತ, ಮರ್ಯಾದಸ್ಥರು ಮುಖ ಸಿಂಡರಿಸುವಂಥದ್ದು. ಗಿಟಾರಿನಲ್ಲಿ ಮೂರ್ನಾಲ್ಕು ಕಾರ್ಡುಗಳ ಒಂದು ಪುಟ್ಟ ಸುತ್ತು, ಅದೇ ಮತ್ತೆ ಮತ್ತೆ. ಮೊಂತೆಸಾರ್ದೊನ ಪುಸ್ತಕದಲ್ಲೂ ಇದೆ. ಈ ಸುತ್ತು ಇಟಲಿಗೆ ಹೋಗಿ, ಫ್ರಾನ್ಸಿಗೆ ಹೋಗಿ, ಅರಮನೆ ಸೇರಿ, ಗಂಭೀರವಾಗಿ, 1720ರ ಹೊತ್ತಿಗೆ ಜರ್ಮನಿಯಲ್ಲಿ ಬಾಖ್‌ನ ಕೈಗೆ ಸಿಕ್ಕಿತು. ಒಂಟಿ ಪಿಟೀಲಿಗಾಗಿ ಅವನು ಬರೆದ ಶಕೋನ್ ಪಿಟೀಲು ಸಂಗೀತದ ಶಿಖರ ಅಂತ ಹೆಸರಾಗಿದೆ. 1935ರಲ್ಲಿ ಆಂದ್ರೆಸ್ ಸೆಗೋವಿಯಾ ಅದನ್ನು ಪ್ಯಾರಿಸ್ಸಿನ ವೇದಿಕೆಯಲ್ಲಿ ಗಿಟಾರಿನ ಮೇಲೆ ನುಡಿಸಿದಾಗ, ಗಿಟಾರಿಗೆ ಇಂಥ ದೊಡ್ಡ ಕೃತಿಯಾ ಅಂತ ಹುಬ್ಬೇರಿಸಿದವರು ಇದ್ದರು. ಪಾಪ, ಅದು ತವರಿಗೆ ಬಂದಿತ್ತು ಅಷ್ಟೇ.

ಹವ್ಯಾಸಿಗಳಲ್ಲಿ ನನಗೆ ತುಂಬ ಹತ್ತಿರದವನು ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್. ನೌಕಾದಳದ ಕಚೇರಿಯಲ್ಲಿ ಅಧಿಕಾರಿ, 1660ರಿಂದ 1669ರವರೆಗೆ ದಿನಚರಿ ಬರೆದವನು. ದಿನವಿಡೀ ಫೈಲು, ಮನೆಗೆ ಬಂದರೆ ಲ್ಯೂಟು, ಕೊಳಲು, ಹಾಡು. ಆಗ ಎರಡನೇ ಚಾರ್ಲ್ಸ್ ದೊರೆಗೆ ಗಿಟಾರ್ ಹುಚ್ಚು, ಹಾಗಾಗಿ ಆಸ್ಥಾನಕ್ಕೆಲ್ಲ ಹುಚ್ಚು. ಹೆಂಗಸರ ಅಲಂಕಾರದ ಮೇಜಿನ ಮೇಲೆ ಕೆನ್ನೆಯ ಬಣ್ಣ ಇದ್ದಷ್ಟೇ ಖಚಿತವಾಗಿ ಗಿಟಾರೂ ಇರುತ್ತಿತ್ತು ಅಂತ ಆ ಕಾಲದ ನೆನಪಿನ ಪುಸ್ತಕವೊಂದರಲ್ಲಿದೆ. ದೊರೆಯ ಮೆಚ್ಚಿನ ವಾದಕ ಇಟಲಿಯ ಫ್ರಾನ್ಸೆಸ್ಕೊ ಕೊರ್ಬೆತ್ತಾ. 1667ರ ಆಗಸ್ಟಿನಲ್ಲಿ ಅವನು ನುಡಿಸಿದ್ದನ್ನು ಕೇಳಿ ಪೀಪ್ಸ್ ದಿನಚರಿಯಲ್ಲಿ ಬರೆದದ್ದರ ಸಾರ ಇಷ್ಟು: ಅದ್ಭುತವಾಗಿ ನುಡಿಸಿದ, ಇಷ್ಟು ಕೆಟ್ಟ ವಾದ್ಯದ ಮೇಲೆ ಇಷ್ಟೆಲ್ಲ ಶ್ರಮ ಸುರಿದನಲ್ಲಾ ಅಂತ ಹೊಟ್ಟೆ ಉರಿಯಿತು. ಅದಾಗಿ ಹತ್ತು ವರ್ಷ ತುಂಬುವ ಮುಂಚೆ ಇದೇ ಪೀಪ್ಸ್, ಚೇಸಾರೆ ಮೊರೆಲ್ಲಿ ಅನ್ನುವ ಸಂಗೀತಗಾರನನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ತನ್ನ ದನಿಗೆ ಹೊಂದುವ ಹಾಗೆ ಹಾಡುಗಳಿಗೆ ಗಿಟಾರ್ ಪಕ್ಕವಾದ್ಯ ಬರೆಸಿಕೊಂಡ! ಆ ಹಸ್ತಪ್ರತಿಗಳು ಕೇಂಬ್ರಿಜಿನ ಮ್ಯಾಗ್ಡಲೀನ್ ಕಾಲೇಜಿನ ಅವನ ಗ್ರಂಥಾಲಯದಲ್ಲಿ ಭದ್ರವಾಗಿವೆ. ಸಂಜೆ ಒಬ್ಬನೇ ಕೂತು ಹಾಡಿಕೊಳ್ಳುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗೋದು ಕಷ್ಟ ಅಂತ ಕೊನೆಗೂ ಗೊತ್ತಾಗಿರಬೇಕು.

ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಜೋಡಿ ತಂತಿ ಹೋಗಿ ಆರು ಒಂಟಿ ತಂತಿ ಬಂತು. ಪ್ಯಾರಿಸ್ಸಿನಲ್ಲಿದ್ದ ಫೆರ್ನಾಂದೊ ಸೋರ್ ದೊಡ್ಡ ವಾದಕ, ಆದರೆ ಪ್ರಕಾಶಕರು ಕೇಳುತ್ತಿದ್ದುದು 'ಹವ್ಯಾಸಿಗಳಿಗೆ ಸುಲಭದ್ದು ಕೊಡಿ' ಅಂತ. ರೋಸಿಹೋದ ಸೋರ್ ತನ್ನ 45ನೇ ಕೃತಿಯ ಆರು ಸುಲಭ ತುಣುಕುಗಳಿಗೆ 'ಇದಾಗುತ್ತೋ ನೋಡೋಣ' ಎಂಬರ್ಥದ ಹೆಸರಿಟ್ಟು, ಅತ್ಯಂತ ಕಡಿಮೆ ತಾಳ್ಮೆ ಇರುವವರಿಗೆ ಅರ್ಪಣೆ ಮಾಡಿದ. 48ನೆಯದರ ಹೆಸರು ಹೆಚ್ಚುಕಡಿಮೆ 'ಇದು ಸರಿಯಿದೆಯಾ?'. ಬೈಸಿಕೊಂಡರೂ ಪರವಾಗಿಲ್ಲ, ಅವನು ಹೀಗೆ ಗೊಣಗುತ್ತ ಬರೆದ ಸುಲಭದ ತುಣುಕುಗಳನ್ನು ಇವತ್ತಿಗೂ ಶಾಸ್ತ್ರೀಯ ಗಿಟಾರ್ ಕಲಿಯೋರು ನುಡಿಸುತ್ತಾರೆ.

ನಮ್ಮ ದೇಶಕ್ಕೆ ಗಿಟಾರ್ ಬಂದ ದಾರಿಗಳಲ್ಲಿ ಒಂದು ಹವಾಯಿ ದ್ವೀಪದ್ದು, ಅಲ್ಲೂ ಕುದುರೆಯವರೇ! 1830ರ ದಶಕದಲ್ಲಿ ಕಾಡುಬಿದ್ದ ದನಗಳನ್ನು ಹಿಡಿಯಲು ಅಲ್ಲಿನ ರಾಜ ಕರೆಸಿದ ಮೆಕ್ಸಿಕನ್ ಸವಾರರು ಗಿಟಾರ್ ತಂದರು ಅಂತಾರೆ. ಶ್ರುತಿ ಮಾಡುವ ಕ್ರಮವನ್ನು ಯಾರೂ ಸರಿಯಾಗಿ ಹೇಳಿಕೊಡಲಿಲ್ಲವಂತೆ, ಹವಾಯಿಯವರು ತಂತಿ ಸಡಿಲಿಸಿ ತಮಗೆ ಬೇಕಾದ ಹಾಗೆ ಶ್ರುತಿ ಮಾಡಿಕೊಂಡರು. ಆ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಅನ್ನುವ ಶಾಲಾ ಹುಡುಗ ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸೋದನ್ನು ಶುರು ಮಾಡಿದ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಿಂದ ಅಮೆರಿಕಕ್ಕೆಲ್ಲ ಅದರ ಗೀಳು ಹತ್ತಿತು. ಹವಾಯಿಯ ತಾವ್ ಮೋ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲೇ ಇದ್ದು ನುಡಿಸಿತು. ಬಂಗಾಳಿ ಮನೆಗಳಲ್ಲಿ ಹವಾಯಿಯನ್ ಗಿಟಾರ್ ಹಾರ್ಮೋನಿಯಂ ಪಕ್ಕ ಬಂದು ಕೂತಿತು. ಲೋಹ ಜಾರಿಸಿದರೆ ಮೀಂಡ್ ಬರುತ್ತೆ, ಗಮಕ ಬರುತ್ತೆ. ಬ್ರಿಜ್ ಭೂಷಣ್ ಕಾಬ್ರಾ ಅದರ ಮೇಲೆ ರಾಗವನ್ನೇ ನುಡಿಸಿದರು. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು.

ಇತ್ತ ಇಂಗ್ಲೆಂಡಿನಲ್ಲಿ 1956ರಲ್ಲಿ ಲೋನಿ ಡೊನೆಗನ್‌ನ ಒಂದು ಹಾಡು ಕೇಳಿ ಊರೂರಿನ ಹುಡುಗರು ಅಗ್ಗದ ಗಿಟಾರ್ ಹಿಡಿದರು. ಮರುವರ್ಷ ಬರ್ಟ್ ವೀಡನ್ ಒಂದೇ ದಿನದಲ್ಲಿ ಕಲಿಯಿರಿ ಅಂತ ಪುಸ್ತಕ ಬರೆದ (ಮೊಂತೆಸಾರ್ದೊ ಮತ್ತೆ ಹುಟ್ಟಿ ಬಂದ ಹಾಗೆ). ಲಿವರ್‌ಪೂಲಿನಲ್ಲಿ ಜಾನ್ ಲೆನನ್‌ಗೆ ಅವನಮ್ಮ ಕಲಿಸಿದ್ದು ಬ್ಯಾಂಜೋ ಕಾರ್ಡುಗಳನ್ನು. ಊರಿನ ಆ ತುದಿಯಲ್ಲಿ ಯಾರಿಗೋ ಬಿ ಸೆವೆನ್ ಕಾರ್ಡು ಗೊತ್ತಂತೆ ಅಂತ ಕೇಳಿ, ಅದೊಂದನ್ನು ಕಲಿಯಲು ಬಸ್ಸು ಹತ್ತಿ ಹೋದ ಕಥೆಯನ್ನು ಪಾಲ್ ಮೆಕಾರ್ಟ್ನಿ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ? ಸಿನಿಮಾ ಹಾಡುಗಳ ಗಿಟಾರ್ ಬಗ್ಗೆಯೇ ಬೇರೆ ಬರೀಬಹುದು. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಪಳಗಿದವರು, ಶಾಸ್ತ್ರೀಯ ಗಿಟಾರ್ ಕಲಿತವರು. ಆದರೆ ನಾನು ಕೇಳ್ತಿರೋದು ಸ್ಟುಡಿಯೋದವರ ಬಗ್ಗೆ ಅಲ್ಲ, ಮನೆಯವರ ಬಗ್ಗೆ. ಭಾವಗೀತೆಗೆ ಕಾರ್ಡು ಕೂರಿಸುವ ಕಷ್ಟ ಸುಖ ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇಲ್ಲ. ಕಲ್ಯಾಣಿಯ ಹಾಡನ್ನು ಸಿ ಶ್ರುತಿಯಲ್ಲಿ ಹಾಡುವಾಗ ಅಭ್ಯಾಸಬಲದಿಂದ ಎಫ್ ಹಿಡಿದರೆ ಹಾಡು ಕೆಟ್ಟಿತು, ಪ್ರತಿಮಧ್ಯಮ ಎಲ್ಲಿ ಹೋಗಬೇಕು? ಡಿ ಮೇಜರ್ ಹಿಡಿದು ನೋಡಿ, ಸರಿಯಾಗಿ ಕೂರುತ್ತೆ (ಎಫ್ ಕಷ್ಟ ಅನ್ನೋರಿಗೆ ಕಲ್ಯಾಣಿ ವರದಾನ!). ಮೋಹನಕ್ಕೆ ಯಾವುದು, ಶಿವರಂಜನಿಯಲ್ಲಿ ಯಾವ ಜಾಗದಲ್ಲಿ ಸುಮ್ಮನಿರೋದು ವಾಸಿ, ಇವನ್ನೆಲ್ಲ ಯಾರ್ಯಾರೋ ತಮ್ಮ ತಮ್ಮ ಕೋಣೆಯಲ್ಲಿ ಕೂತು ಕಂಡುಕೊಂಡು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿರುತ್ತಾರೆ.

ಇಟಲಿಯ ಗ್ರಂಥಾಲಯಗಳಲ್ಲಿ ನಾನೂರು ವರ್ಷದ ಹಿಂದಿನ ಅಂಥ ಮನೆ ಪುಸ್ತಕಗಳು ಇವೆ, ಎಷ್ಟೋ ಸಲ ಬರೆದವರ ಹೆಸರೂ ಇಲ್ಲದೆ. ಲಾಯದ ಹುಡುಗರು ಏನು ನುಡಿಸುತ್ತಿದ್ದರು ಅಂತ ಒಂದಿಷ್ಟಾದರೂ ಗೊತ್ತಾಗೋದು ಅವುಗಳಿಂದಲೇ. ನಮ್ಮವು ರದ್ದಿಗೆ ಹೋಗ್ತಿವೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಕನ್ನಡ ಹಾಡಿಗೆ ಕಾರ್ಡು ಬರೆದಿಟ್ಟುಕೊಂಡ ಚಿಕ್ಕಪ್ಪನೋ ಅಕ್ಕನೋ ನಿಮ್ಮ ಮನೆಯಲ್ಲಿದ್ದರೆ, ಆ ಪುಸ್ತಕವನ್ನು ಒಮ್ಮೆ ಹುಡುಕಿ ನೋಡ್ತೀರಾ? ಹಾಲಿನ ಲೆಕ್ಕದ ಸಮೇತ ಎರಡು ಪುಟದ ಫೋಟೋ ಕಳಿಸಿದರೂ ಸಾಕು.