ಊರಿಂದೂರಿಗೆ ಕಾಲುದಾರಿ

ಇಂಗ್ಲೆಂಡಿನ ಜನರಿಗೆ ರಜೆ ಬಂತೆಂದರೆ ಬೆನ್ನಿಗೊಂದು ಚೀಲ ಏರಿಸಿ, ಮೂರು ನಾಲ್ಕು ಮಂದಿ ಗೆಳೆಯರೊಡನೆ ಹಳ್ಳಿಯಿಂದ ಹಳ್ಳಿಗೆ ನಡೆಯುವ ಹವ್ಯಾಸವುಂಟು. ಹಗಲೆಲ್ಲ ಹೊಲ, ಹುಲ್ಲುಗಾವಲು, ತೋಪುಗಳ ನಡುವೆ ನಡೆದು, ಸಂಜೆಗೆ ಯಾವುದೋ ಹಳ್ಳಿಯ ವಸತಿಗೃಹದಲ್ಲಿ ತಂಗಿ, ಮರುದಿನ ಮುಂದಿನ ಊರಿಗೆ ಹೊರಡುತ್ತಾರೆ. ಈ ಮಾತು ಬಂದಾಗ ನಮ್ಮವರು, "ಅಲ್ಲಿಯ ಹವೆ ತಂಪು, ನಡೆಯುತ್ತಾರೆ, ಇಲ್ಲಿ ಆದೀತೆ?" ಎನ್ನುವುದುಂಟು. ಆದರೆ ಅವರನ್ನು ನಡೆಸುತ್ತಿರುವುದು ಹವೆಗಿಂತ ಹೆಚ್ಚಾಗಿ ಹಕ್ಕು. ಹೊಲ ಯಾರದೇ ಆಗಿರಲಿ, ಅದರ ನಡುವೆ ಹಾಯುವ ಹಳೆಯ ಕಾಲುದಾರಿ ಎಲ್ಲರದು ಎಂಬುದು ಅಲ್ಲಿಯ ಕಾನೂನು.

ಈ ಹಕ್ಕನ್ನು ಉಳಿಸಿಕೊಳ್ಳಲು ಅವರೂ ಕಷ್ಟಪಟ್ಟವರೇ. ಬೆಟ್ಟಬಯಲುಗಳನ್ನು ಜಮೀನ್ದಾರರು ತಮ್ಮ ಹಕ್ಕಿಬೇಟೆಗೆಂದು ಮುಚ್ಚಿಟ್ಟಿದ್ದ ಕಾಲದಲ್ಲಿ, 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕೆಲವು ನೂರು ಕಾರ್ಮಿಕ ಯುವಕರು ಕಾವಲುಗಾರರನ್ನು ಲೆಕ್ಕಿಸದೆ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನೇರಿದರು. ಅವರಲ್ಲಿ ಐವರಿಗೆ ಸೆರೆವಾಸವಾಯಿತು. 1949ರಲ್ಲಿ ಬಂದ ಶಾಸನವು ಪ್ರತಿಯೊಂದು ಜಿಲ್ಲೆಯೂ ತನ್ನ ಕಾಲುದಾರಿಗಳ ನಕಾಶೆ ತಯಾರಿಸಬೇಕೆಂದು ವಿಧಿಸಿತು. ನಕಾಶೆಯಲ್ಲಿ ಒಮ್ಮೆ ಗೆರೆ ಬಿದ್ದ ದಾರಿಯನ್ನು ಜಮೀನಿನ ಒಡೆಯ ತಾನಾಗಿ ಅಳಿಸುವಂತಿಲ್ಲ. 1965ರ ಅದೇ ಏಪ್ರಿಲ್ 24ರಂದು ಸುಮಾರು 430 ಕಿಲೋಮೀಟರ್ ಉದ್ದದ ಪೆನೈನ್ ಕಾಲುದಾರಿ ಉದ್ಘಾಟನೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂದು ಇಂಥ ಸಾರ್ವಜನಿಕ ದಾರಿಗಳ ಒಟ್ಟು ಉದ್ದ ಎರಡು ಲಕ್ಷ ಕಿಲೋಮೀಟರಿಗೂ ಮಿಕ್ಕಿದೆ.

ಹಾಗಾದರೆ ನಾವಿರುವ ಗುರುಗ್ರಾಮದಲ್ಲಿ? ಗಾಜಿನ ಗೋಪುರಗಳ ಈ ಊರಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುವ ದಾರಿ ಒಂದಾದರೂ ಉಳಿದಿದೆಯೇ ಎಂದು ನಾವು ಐದಾರು ಮಂದಿ ಗೆಳೆಯರು ಹುಡುಕಲು ಹೊರಟೆವು. ಹುಡುಕುತ್ತ ಹೋದಂತೆ ಕಾಲಿಗಿಂತ ಚರಿತ್ರೆಗೇ ಹೆಚ್ಚು ಕೆಲಸ ಬಿತ್ತು.

ಗುರು ದ್ರೋಣಾಚಾರ್ಯರ ಗ್ರಾಮವೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಗುರ್ಗಾಂವ್ ಎಂಬ ಹೆಸರು 2016ರಲ್ಲಿ ಗುರುಗ್ರಾಮವಾದದ್ದೂ ಅದರಿಂದಲೇ. ಇತ್ತೀಚಿನ ಶತಮಾನಗಳಿಗೆ ಬಂದರೆ, ಇಲ್ಲಿಯ ಝಾರ್ಸಾ, ಬಾದಷಾಹ್‌ಪುರಗಳು ಸರ್ಧಾನಾದ ಬೇಗಂ ಸಮ್ರೂಳ ಜಹಗೀರಿಗೆ ಸೇರಿದ್ದವು. ಚಾಂದನಿ ಚೌಕದಲ್ಲಿ ವಿದ್ಯುತ್ ಸಾಮಾನು ಕೊಳ್ಳಲು ನಾವು ಹೋಗುವ ಭಗೀರಥ ಪ್ಯಾಲೆಸ್ ಆಕೆಯದೇ ಮಹಲು. 1803ರಲ್ಲಿ ಸಿಂಧಿಯಾ ದೊರೆಯೊಡನೆ ಆದ ಒಪ್ಪಂದದಿಂದ ಸುತ್ತಣ ಸೀಮೆ ಕಂಪನಿ ಸರಕಾರದ ಕೈಸೇರಿತು. 1836ರಲ್ಲಿ ಬೇಗಂ ತೀರಿಕೊಂಡ ಮೇಲೆ ಆಕೆಯ ಹಳ್ಳಿಗಳೂ ಸೇರಿದವು. 1857ರ ದಂಗೆಯ ನಂತರ ಜಿಲ್ಲೆಯನ್ನು ಪಂಜಾಬಿಗೆ ಜೋಡಿಸಿದರು. 1966ರ ನವೆಂಬರ್ 1ರಂದು ಅದು ಹರಿಯಾಣದ ಭಾಗವಾಯಿತು. ನಮ್ಮ ರಾಜ್ಯೋತ್ಸವದ ದಿನವೇ ಇವರ ರಾಜ್ಯದ ಹುಟ್ಟುಹಬ್ಬವೂ ಹೌದು.

ದೊರೆಗಳು ಬದಲಾದರೂ ಹಳ್ಳಿಯ ಲೆಕ್ಕ ಪಟವಾರಿಯ ಕೈಯಲ್ಲೇ ಉಳಿಯಿತು. ನಮ್ಮ ಕಡೆ ಶಾನುಭೋಗರಿದ್ದಂತೆ ಇಲ್ಲಿ ಪಟವಾರಿ. ಬಟ್ಟೆಯ ಮೇಲೆ ಬರೆದ ಅವನ ಊರ ನಕಾಶೆಗೆ 'ಷಜ್ರಾ' ಎಂದು ಹೆಸರು. ಹೊಲ, ಬಾವಿ, ಕಟ್ಟೆ, ಶಾಮಿಲಾತ್ ಎನ್ನುವ ಊರೊಟ್ಟಿನ ಜಮೀನು, ಎಲ್ಲಕ್ಕೂ ಅದರಲ್ಲಿ ಗೆರೆಯುಂಟು. 1948ರ ಶಾಸನದಂತೆ ಚೂರುಚೂರಾದ ಹಿಡುವಳಿಗಳನ್ನು ಒಗ್ಗೂಡಿಸಿ ಹಂಚಿದಾಗ, ಹೊಲಗಳಿಗೆ ಹೋಗಿಬರಲು ದಾರಿಗಳನ್ನೂ ಬಿಟ್ಟು ದಾಖಲಿಸಿದರು. ಇಂದಿಗೂ ಜನ ಅವನ್ನು 'ರೆವಿನ್ಯೂ ರಸ್ತಾ' ಎನ್ನುತ್ತಾರೆ. ಅಂದರೆ ಇಂಗ್ಲೆಂಡಿನವರು 1949ರಲ್ಲಿ ಬರೆಯಹೊರಟ ಗೆರೆಗಳು ಇಲ್ಲಿಯ ಕಾಗದಪತ್ರಗಳಲ್ಲೂ ಇದ್ದವು.

ಮುಂದೆ ಊರೇ ಬದಲಾಯಿತು. ಪೇಟೆಗಳ ಬೆಳವಣಿಗೆ ಕುರಿತ ಹರಿಯಾಣದ ಕಾನೂನು 1975ರಲ್ಲಿ ಬಂದು, ಖಾಸಗಿ ಸಂಸ್ಥೆಗಳು ಪರವಾನಗಿ ಪಡೆದು ಬಡಾವಣೆ ಕಟ್ಟಲು ಬಾಗಿಲು ತೆರೆಯಿತು. 1983ರ ಡಿಸೆಂಬರ್‌ನಲ್ಲಿ ಇಲ್ಲಿಯ ಕಾರ್ಖಾನೆಯಿಂದ ಮೊದಲ ಮಾರುತಿ ಕಾರು ಹೊರಬಂತು. ಹೊಲಗಳು ಮಾರಾಟವಾದವು. ಹೊಲದ ನಡುವಣ ದಾರಿಯನ್ನು ಯಾರೂ ಮಾರಿರಲಿಲ್ಲ. ಆದರೂ ಎಷ್ಟೋ ಕಡೆ ಅದರ ಮೇಲೆ ಗೋಡೆ ಎದ್ದಿತು, ಗೇಟು ನಿಂತಿತು. ಬಡಾವಣೆಯವರಿಗೂ ಹಳ್ಳಿಯವರಿಗೂ ರೆವಿನ್ಯೂ ರಸ್ತಾದ ಜಗಳ ಇಂದಿಗೂ ತೀರಿಲ್ಲ.

ನಾವು ನಡೆಯಲು ಆರಿಸಿಕೊಂಡದ್ದು ಚಕ್ಕರ್‌ಪುರದಿಂದ ವಜೀರಾಬಾದಿಗೆ ಹೋಗುವ ದಾರಿ. ಚಕ್ಕರ್‌ಪುರದ ಓಣಿಯಲ್ಲಿ ಮಂಚದ ಮೇಲೆ ಕುಳಿತು ಹುಕ್ಕಾ ಸೇದುತ್ತಿದ್ದ ಹಿರಿಯರೊಬ್ಬರನ್ನು 'ತಾಊ' ಎಂದು ಕರೆದು ವಿಚಾರಿಸಿದೆವು. ಇಲ್ಲಿ ದೊಡ್ಡಪ್ಪನಿಗೂ, ವಯಸ್ಸಾದ ಅಪರಿಚಿತರಿಗೂ ಅದೇ ಮಾತು. "ಬಂಧ್ ಹತ್ತಿಬಿಡಿ, ಅದೇ ಕರೆದೊಯ್ಯುತ್ತದೆ" ಎಂದು ಕೈ ತೋರಿದರು. ಹತ್ತಿ ನೋಡಿದರೆ, ಅದು ನಮ್ಮೂರ ಕೆರೆ ಏರಿಯೇ! ಬ್ರಿಟಿಷರ ಕಾಲದ ಈ ಮಣ್ಣಿನ ಒಡ್ಡಿನ ಉದ್ದ ಸುಮಾರು 5 ಕಿಲೋಮೀಟರ್. ಎರಡೂ ಪಕ್ಕ ಕೀಕರ್ ಮರಗಳು. 'ವಿಲಾಯತಿ ಕೀಕರ್' ಎಂದು ಇಲ್ಲಿಯವರು ಬೈದುಕೊಳ್ಳುವ ಮುಳ್ಳುಗಿಡ ನಮ್ಮ ಬಳ್ಳಾರಿ ಜಾಲಿಯೇ ಎಂದು ಗೊತ್ತಾಗಿ ಗೆಳೆಯರು ನಕ್ಕರು. ನೆರಳಲ್ಲಿ ನಡೆಯುತ್ತ, ಅಡ್ಡ ಬಂದ ರಸ್ತೆಗಳನ್ನು ದಾಟುತ್ತ, ಎರಡು ಗಂಟೆಯೊಳಗೆ ವಜೀರಾಬಾದ್ ತಲುಪಿದೆವು.

ಈ ಒಡ್ಡನ್ನು ಹಾಕಿದ್ದು ನಡೆಯುವವರಿಗಾಗಿ ಅಲ್ಲ, ನೀರಿಗಾಗಿ. ಗುರುಗ್ರಾಮದ ಪೂರ್ವಕ್ಕೆ ಅರಾವಳಿ ಬೆಟ್ಟಸಾಲು. ವಾಯವ್ಯಕ್ಕೆ ಅದಕ್ಕಿಂತ ಎಪ್ಪತ್ತೆಂಟು ಮೀಟರಿನಷ್ಟು ತಗ್ಗಿನಲ್ಲಿ ನಜಾಫ್‌ಗಢದ ನಾಲೆ. ಬೆಟ್ಟದ ಮೇಲೆ ಬಿದ್ದ ಮಳೆ ಒಮ್ಮೆಗೇ ನುಗ್ಗಿ ಬಾರದಂತೆ ಘಾಟಾ, ಝಾರ್ಸಾ, ಚಕ್ಕರ್‌ಪುರಗಳ ಬಳಿ ಒಡ್ಡು ಕಟ್ಟಿ ತಡೆಯುತ್ತಿದ್ದರು. ನಿಂತ ನೀರು ಇಂಗಿ ಬಾವಿ ತುಂಬಬೇಕು, ತೇವ ಉಳಿದ ಹೊಲದಲ್ಲಿ ಹಿಂಗಾರಿ ಬಿತ್ತಬೇಕು ಎಂಬುದು ಅದರ ಉಪಾಯ. ಎತ್ತರದ ಒಡ್ಡು ಮಳೆಗಾಲದಲ್ಲೂ ಕೆಸರಾಗದ ದಾರಿಯಾದ್ದರಿಂದ ಜನ ಅದರ ಮೇಲೇ ಓಡಾಡಿದರು. ಕರ್ನಾಟಕದಲ್ಲಿ ಕೆರೆ ಏರಿಯ ಮೇಲೆ ಸಂತೆಗೆ ಹೋಗಿಬಂದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಕಟ್ಟಿದಾಗ ಬರಿಯ ನಡೆಯುವವನಿಗಷ್ಟೇ ನಷ್ಟವಲ್ಲ ಎಂಬುದು ಇಲ್ಲಿ ಕಾಣುತ್ತದೆ. ಒಡ್ಡುಗಳು ಒಡೆದು, ಹಳ್ಳಗಳ ಮೇಲೆ ಮನೆಗಳೆದ್ದಾಗ ನೀರಿಗೂ ದಾರಿ ತಪ್ಪಿತು. 2016ರ ಜುಲೈ 28ರ ಸಂಜೆ ಸುರಿದ ಮಳೆಗೆ ಬಾದಷಾಹ್‌ಪುರದ ನಾಲೆ ಉಕ್ಕಿ, ಹೀರೋ ಹೋಂಡಾ ವೃತ್ತ ಕೆರೆಯಾಗಿ, ಸಾವಿರಾರು ಜನ ಇರುಳೆಲ್ಲ ಕಾರುಗಳಲ್ಲೇ ಕುಳಿತರು. ಅಂದು ಮನೆ ಸೇರದೆ ಉಳಿದವರಲ್ಲಿ ನಮ್ಮ ಕನ್ನಡಿಗರೂ ಉಂಟು.

ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಕಸದ ತಿಪ್ಪೆಯಾಗಿದ್ದ ಚಕ್ಕರ್‌ಪುರದ ಒಡ್ಡನ್ನು 'ಐ ಆ್ಯಮ್ ಗುರ್ಗಾಂವ್' ಎಂಬ ನಾಗರಿಕರ ಸಂಘ ಮುಂದಾಗಿ ಕಳೆದ ದಶಕದಲ್ಲಿ ಶುಚಿಗೊಳಿಸಿ ನಡೆದಾಡುವಂತೆ ಮಾಡಿತು. ಇದಕ್ಕೂ ಮೊದಲು, ಕಲ್ಲುಗಣಿಯಾಗಿ ಬೋಳಾಗಿದ್ದ ಸುಮಾರು 380 ಎಕರೆ ಬೆಟ್ಟದಲ್ಲಿ 2010ರಿಂದ ಅರಾವಳಿಯ ಸ್ವಂತ ಗಿಡಮರಗಳನ್ನೇ ಬೆಳೆಸಿದ್ದೂ ಇವರ ಪ್ರಯತ್ನವೇ. ಅಲ್ಲಿ ಧೌ ಮರವೂ ಉಂಟು, ನಮ್ಮ ಮುತ್ತುಗವೂ ಉಂಟು. 2009ರಲ್ಲಿ ಸುಪ್ರೀಂ ಕೋರ್ಟು ಈ ಭಾಗದ ಅರಾವಳಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ್ದರಿಂದ ಬೆಟ್ಟಕ್ಕೆ ಉಸಿರಾಡಲು ಅವಕಾಶ ಸಿಕ್ಕಿತು.

ಕರ್ನಾಟಕದ ರೈತರು 'ನಕಾಶೆ ಕಂಡ ದಾರಿ ಬಿಡಿಸಿಕೊಡಿ' ಎಂದು ತಹಶೀಲ್ದಾರರ ಕಚೇರಿಗೆ ಅರ್ಜಿ ಹಿಡಿದು ಹೋಗುವುದನ್ನು ನಾವೆಲ್ಲ ಬಲ್ಲೆವು. ಕಾಗದದಲ್ಲಿ ಗೆರೆ ಇದ್ದರೂ ಕಾಲು ಬೀಳದಿದ್ದರೆ ಒತ್ತುವರಿ ಆಗುತ್ತದೆ. ಕಾಲು ಬಿದ್ದರೂ ಗೆರೆ ಇಲ್ಲದಿದ್ದರೆ ಕೇಳುವ ಬಾಯಿ ಕಟ್ಟುತ್ತದೆ. ಇಂಗ್ಲೆಂಡಿನವರು ಎರಡನ್ನೂ ಕಾಪಾಡಿಕೊಂಡರು. ಗುರುಗ್ರಾಮದಲ್ಲಿ ಗೆರೆಗಳು ಇನ್ನೂ ಪಟವಾರಿಯ ಬಟ್ಟೆಯ ಮೇಲಿವೆ; ಬೇಕಾಗಿರುವುದು ಕಾಲುಗಳು. ಎಂ.ಜಿ. ರೋಡ್ ಮೆಟ್ರೋ ನಿಲ್ದಾಣದಿಂದ ಚಕ್ಕರ್‌ಪುರ ದೂರವಿಲ್ಲ. ಚಳಿಗಾಲದ ಒಂದು ಭಾನುವಾರ ಸಂಘದ ಸದಸ್ಯರು ಬುತ್ತಿ ಕಟ್ಟಿಕೊಂಡು, ಮಕ್ಕಳನ್ನೂ ಕರೆದುಕೊಂಡು ಬರಲಿ. ವಜೀರಾಬಾದಿನವರೆಗೆ ಜೊತೆಗೂಡಿ ನಡೆಯೋಣ.